ಕೊಡಗಿಗೂ ಒಬ್ಬ ಮುಖ್ಯಮಂತ್ರಿ ಇದ್ದ ಕಾಲ

ಬೆಳ್ಳಿ ಹಬ್ಬದ ಸಂಚಿಕೆಗೆ ಹಳೆಯ ಕಾಲದ್ದು ಏನಾದರೂ ಬರೆಯಿರಿ ಎಂದು ಸಂಘದವರು ಕೇಳಿದಾಗ ನಮಗೆ ಮೊದಲು ನೆನಪಾದದ್ದು ದಿವಂಗತ ಸಿ.ಎಂ. ಪೂಣಚ್ಚನವರ ಹೆಸರು. ಕೊಡಗು ಒಂದು ರಾಜ್ಯವಾಗಿತ್ತು, ಅದಕ್ಕೊಬ್ಬ ಮುಖ್ಯಮಂತ್ರಿ ಇದ್ದರು ಎಂದರೆ ಈಗಿನ ಮಕ್ಕಳು ನಗುತ್ತಾರೆ. ಕಕ್ಕಬೆಯ ಮಕ್ಕಳಿಗೆ ನಾಲ್ಕುನಾಡು ಅರಮನೆ ಗೊತ್ತು. ಅಲ್ಲಿಗೆ, ಅಂದರೆ 1834ಕ್ಕೆ, ಕೊಡಗಿನ ಚರಿತ್ರೆ ಮುಗಿಯಿತು ಎಂದೇ ಅವರ ಎಣಿಕೆ.

ಚೆಪ್ಪುಡೀರ ಒಕ್ಕದ ಪೂಣಚ್ಚನವರು ಹುಟ್ಟಿದ್ದು 1910ರಲ್ಲಿ. ಹರೆಯದಲ್ಲೇ ಕಾಂಗ್ರೆಸ್ ಸೇರಿ, ಸ್ವಾತಂತ್ರ್ಯ ಚಳವಳಿಯಲ್ಲಿ ಒಂದಲ್ಲ, ಹಲವು ಸಲ ಜೈಲಿಗೆ ಹೋಗಿ ಬಂದರು. ಸಂವಿಧಾನ ಸಭೆಯಲ್ಲಿ ಕೊಡಗಿನ ಪರವಾಗಿ ಕುಳಿತವರೂ ಅವರೇ.

ಸ್ವಾತಂತ್ರ್ಯದ ನಂತರ ಕೊಡಗು 'ಸಿ' ವರ್ಗದ ರಾಜ್ಯವಾಯಿತು. 1952ರ ಚುನಾವಣೆಯಲ್ಲಿ ಇಲ್ಲಿನ ವಿಧಾನಸಭೆಗೆ 24 ಸ್ಥಾನ. ಆಗ ಊರೂರಿನಲ್ಲಿ ಚರ್ಚೆಯಾದದ್ದು ಒಂದೇ ವಿಷಯ: ಮೈಸೂರಿನ ಜೊತೆ ಸೇರಬೇಕೋ, ಬೇಡವೋ? ಸೇರೋಣ ಎಂದದ್ದು ಕಾಂಗ್ರೆಸ್. ಬೇಡ ಎಂದದ್ದು ಪಂದ್ಯಂಡ ಬೆಳ್ಯಪ್ಪನವರ ಕಡೆ. ತಕ್ಕಡಿ ಗುರುತಿನಿಂದ ಅದಕ್ಕೆ ತಕ್ಕಡಿ ಪಕ್ಷ ಎಂದೇ ಹೆಸರು ಬಿತ್ತು. ಗಮನಿಸಬೇಕಾದದ್ದೇನೆಂದರೆ, ಬೆಳ್ಯಪ್ಪನವರೂ ಗಾಂಧೀಜಿಯವರ ಅನುಯಾಯಿ. ಕೊಡಗಿನ ಗಾಂಧಿ ಎಂದೇ ಜನ ಅವರನ್ನು ಕರೆಯುತ್ತಿದ್ದರು. ಬ್ರಿಟಿಷರ ವಿರುದ್ಧ ಒಂದೇ ಕಡೆ ನಿಂತವರು ಕೊಡಗಿನ ವಿಷಯ ಬಂದಾಗ ಬೇರೆಯಾದರು.

ಕಾಂಗ್ರೆಸ್ಸಿಗೆ 15, ಉಳಿದವರಿಗೆ 9. ಮಾರ್ಚ್ 27ರಂದು ಪೂಣಚ್ಚನವರು ಮುಖ್ಯಮಂತ್ರಿಯಾದರು. ಜೊತೆಗೆ ಕುಟ್ಟೂರು ಮಲ್ಲಪ್ಪನವರೊಬ್ಬರು ಮಂತ್ರಿ. ಅಷ್ಟೇ ಸಂಪುಟ! ಇಡೀ ಸರಕಾರ ಒಂದು ಜೀಪಿನಲ್ಲಿ ಹಿಡಿಯುತ್ತಿತ್ತು ಎಂದು ಈಗ ತಮಾಷೆ ಮಾಡಬಹುದು. ಆದರೆ ಆ ಸಣ್ಣ ಸರಕಾರದಲ್ಲಿ ಒಂದು ಅನುಕೂಲವಿತ್ತು. ಅರ್ಜಿ ಹಿಡಿದು ಮಡಿಕೇರಿಗೆ ಹೋದರೆ ಮುಖ್ಯಮಂತ್ರಿಯನ್ನೇ ನೋಡಬಹುದಿತ್ತು, ಕತ್ತಲೆಯೊಳಗೆ ಮನೆಗೂ ಬರಬಹುದಿತ್ತು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು.

1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿ ಬಂತು. ಕೊಡಗು ಕನ್ನಡ ರಾಜ್ಯಕ್ಕೆ ಸೇರಲಿ ಎಂದಿತು. 1956ರ ನವೆಂಬರ್ 1ರಂದು ಹಾಗೇ ಆಯಿತು. ಕೊಡಗಿನ ಮೊದಲ ಮುಖ್ಯಮಂತ್ರಿಯೇ ಕೊನೆಯವರೂ ಆದರು.

ರಾಜ್ಯವನ್ನು ಕೈಯಾರೆ ಕೊಟ್ಟುಬಿಟ್ಟರು ಎಂದು ಪೂಣಚ್ಚನವರನ್ನು ಬೈಯುವವರು ನಮ್ಮ ನಾಡಿನಲ್ಲಿ ಇವತ್ತಿಗೂ ಇದ್ದಾರೆ. ನಮಗೆ ಅದು ಪೂರ್ತಿ ನ್ಯಾಯ ಅನ್ನಿಸುವುದಿಲ್ಲ. ಸೇರುತ್ತೇವೆ ಎಂದು ಹೇಳಿಯೇ ವೋಟು ಕೇಳಿದ್ದರು, ಗೆದ್ದಿದ್ದರು. ತಮ್ಮ ಕುರ್ಚಿ ಹೋಗುತ್ತದೆಂದು ಗೊತ್ತಿದ್ದೂ ಮಾತು ಬದಲಿಸಲಿಲ್ಲ. 1951ರ ಜನಗಣತಿಯಲ್ಲಿ ನಾವಿದ್ದದ್ದು ಸುಮಾರು 2 ಲಕ್ಷ 29 ಸಾವಿರ ಜನ. ಇಷ್ಟು ಜನಕ್ಕೆ ಒಂದು ರಾಜ್ಯ ಎಷ್ಟು ಕಾಲ ನಡೆಯುತ್ತಿತ್ತು? ಹಾಗೆಂದು ಬೆಳ್ಯಪ್ಪನವರ ಭಯ ಸುಳ್ಳಾಯಿತೆಂದು ಹೇಳುವ ಧೈರ್ಯವೂ ನಮಗಿಲ್ಲ. ಅರ್ಜಿಯ ದಾರಿ ಬೆಂಗಳೂರಿನವರೆಗೆ ಉದ್ದವಾದದ್ದು ನಿಜ. ನಮ್ಮ ಸಂಘ ನಡೆಯುವುದೂ ಅಲ್ಲಿ ಮಾಡಿದ 1959ರ ಸಹಕಾರ ಕಾಯ್ದೆಯ ಪ್ರಕಾರವೇ. 1990ರ ದಶಕದಲ್ಲಿ ಪ್ರತ್ಯೇಕ ರಾಜ್ಯದ ಕೂಗು ಪುನಃ ಎದ್ದದ್ದು ಸುಮ್ಮನೆ ಅಲ್ಲ.

ಪೂಣಚ್ಚನವರು ಆಮೇಲೆ ಮೈಸೂರು ಸರಕಾರದಲ್ಲಿ ಮಂತ್ರಿಯಾದರು, ರಾಜ್ಯಸಭೆಗೆ ಹೋದರು. 1967ರಲ್ಲಿ ಮಂಗಳೂರಿನಿಂದ ಲೋಕಸಭೆಗೆ ಗೆದ್ದು ಕೇಂದ್ರದ ರೈಲ್ವೆ ಮಂತ್ರಿಯಾದರು. ರೈಲೇ ಇಲ್ಲದ ನಾಡಿನವರು ರೈಲ್ವೆ ಮಂತ್ರಿ! ನಮ್ಮ ಜಿಲ್ಲೆಗೆ ರೈಲು ಇನ್ನೂ ಬಂದಿಲ್ಲ. ಕಕ್ಕಬೆಯವರು ರೈಲು ಹತ್ತಬೇಕಾದರೆ ಮೈಸೂರಿಗೋ ಕಣ್ಣೂರಿಗೋ ಹೋಗಬೇಕು. ಮುಂದೆ ಅವರು ಮಧ್ಯಪ್ರದೇಶಕ್ಕೂ, 1980ರಿಂದ 1983ರವರೆಗೆ ಒರಿಸ್ಸಾಕ್ಕೂ ರಾಜ್ಯಪಾಲರಾಗಿದ್ದು, 1990ರಲ್ಲಿ ತೀರಿಕೊಂಡರು.

ನಮ್ಮ ಮಹಾಸಭೆ ಮುಗಿದು ಕಾಫಿ ಕುಡಿಯುವಾಗ ಈ ಸೇರಿದ್ದು-ಸೇರದಿದ್ದರ ಮಾತು ಒಮ್ಮೊಮ್ಮೆ ಏಳುವುದುಂಟು. 15 ಕಡೆಯವರೂ ಇರುತ್ತಾರೆ, 9 ಕಡೆಯವರೂ ಇರುತ್ತಾರೆ. ಕೊನೆಯ ಬಸ್ಸಿಗೆ ಹೊತ್ತಾಗುವ ತನಕ ಬಿಡುವುದಿಲ್ಲ.