ಒಂದು ದೋಷ ವಾದ್ಯವಾದ ಕಥೆ

ಸಭೆಯ ನಡುವೆ ಧ್ವನಿವರ್ಧಕದ ದನಿ ಒಡೆದು ಗೊರಗುಟ್ಟತೊಡಗಿದರೆ ಏನು ಮಾಡುತ್ತೇವೆ? ಮೈಕಿನವರನ್ನು ಕೂಗುತ್ತೇವೆ. ಅಂಥ ಒಡಕು ದನಿಯನ್ನು ಸರಿಪಡಿಸದೆ, ಬೇಕೆಂದೇ ಉಳಿಸಿಕೊಂಡ ಪ್ರಸಂಗವೊಂದು ಅಮೆರಿಕದ ಸಂಗೀತ ಚರಿತ್ರೆಯಲ್ಲಿದೆ.

1960ರಲ್ಲಿ ನ್ಯಾಶ್‌ವಿಲ್ ನಗರದ ಸ್ಟುಡಿಯೋ ಒಂದರಲ್ಲಿ ಮಾರ್ಟಿ ರಾಬಿನ್ಸ್ ಅವರ ‘ಡೋಂಟ್ ವರಿ’ ಹಾಡಿನ ಧ್ವನಿಮುದ್ರಣ ನಡೆದಿತ್ತು. ಗ್ರೇಡಿ ಮಾರ್ಟಿನ್ ನುಡಿಸುತ್ತಿದ್ದ ಬಾಸ್ ಗಿಟಾರಿನ ದನಿ ಹಾದುಬರುತ್ತಿದ್ದ ಮಿಕ್ಸರಿನ ಚಾನಲಿನಲ್ಲಿ ಟ್ರಾನ್ಸ್‌ಫಾರ್ಮರ್ ಕೆಟ್ಟಿತ್ತು. ತಂತಿಯ ಇಂಪು ಹೋಗಿ, ದುಂಬಿ ಡಬ್ಬಿಯೊಳಗೆ ಸಿಕ್ಕಿದಂಥ ಸದ್ದು ಬಂತು. ಅದನ್ನು ಅಳಿಸಲಿಲ್ಲ. 1961ರಲ್ಲಿ ಹಾಡು ಆ ಸದ್ದಿನೊಡನೆಯೇ ಹೊರಬಂದು ಜನಪ್ರಿಯವಾಯಿತು. ಮುದ್ರಣದ ಎಂಜಿನಿಯರ್ ಗ್ಲೆನ್ ಸ್ನಾಡಿ, ಈ ದೋಷವನ್ನು ಬೇಕೆಂದಾಗ ಪಡೆಯುವುದು ಹೇಗೆಂದು ಯೋಚಿಸಿ, ರೆವಿಸ್ ಹಾಬ್ಸ್ ಅವರೊಡನೆ ಸೇರಿ ಟ್ರಾನ್ಸಿಸ್ಟರುಗಳ ಮಂಡಲವೊಂದನ್ನು ಕಟ್ಟಿದರು. ಅದನ್ನು ಗಿಬ್ಸನ್ ಕಂಪನಿ 1962ರಲ್ಲಿ ‘ಮೇಸ್ಟ್ರೋ ಫಝ್‌ಟೋನ್’ ಎಂದು ಮಾರಾಟಕ್ಕೆ ತಂದಿತು. ಕಾಲಿನಿಂದ ಒತ್ತುವ ಪುಟ್ಟ ಪೆಟ್ಟಿಗೆ. ಒಳಗೆ ಮೂರು ಜರ್ಮೇನಿಯಮ್ ಟ್ರಾನ್ಸಿಸ್ಟರ್. ಮೊದಮೊದಲು ಕೊಳ್ಳುವವರೇ ಕಡಿಮೆ. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿನಲ್ಲಿ ಅದನ್ನು ಬಳಸಿದ ಮೇಲೆ ಪೆಟ್ಟಿಗೆಯ ಅದೃಷ್ಟ ಖುಲಾಯಿಸಿತು.

ಇಲ್ಲಿಯವರೆಗಿನ ಕಥೆಯನ್ನು ಬಹಳ ಮಂದಿ ಹೇಳುತ್ತಾರೆ. ಇದರ ಮುಂದಿನ ಭಾಗವೇ ನನಗೆ ಹೆಚ್ಚು ಕುತೂಹಲದ್ದು: ದೋಷವನ್ನೇ ಉತ್ಪಾದಿಸುವ ಯಂತ್ರ ತಾನೇ ಕೆಟ್ಟರೆ, ಅದನ್ನು ಗುರುತಿಸುವುದು ಹೇಗೆ?

1966ರಲ್ಲಿ ಲಂಡನ್ನಿನ ಆರ್ಬಿಟರ್ ಸಂಸ್ಥೆ ‘ಫಝ್ ಫೇಸ್’ ಎಂಬ ದುಂಡನೆಯ ಪೆಟ್ಟಿಗೆಯನ್ನು ತಂದಿತು. ಜಿಮಿ ಹೆಂಡ್ರಿಕ್ಸ್ ಅವರ ಕೈಯಲ್ಲಿ, ಅಲ್ಲ, ಕಾಲಡಿಯಲ್ಲಿ ಅದು ಹೆಸರುವಾಸಿಯಾಯಿತು. ಒಳಗಿರುವುದು ಎರಡೇ ಟ್ರಾನ್ಸಿಸ್ಟರ್, ಬೆರಳೆಣಿಕೆಯ ರೋಧಕಗಳು, 9 ವೋಲ್ಟಿನ ಬ್ಯಾಟರಿ. ಮನೆಯಲ್ಲೇ ಪೆಟ್ಟಿಗೆ ಕಟ್ಟುವ ಹವ್ಯಾಸಿಗಳು ಇಂದಿಗೂ ಕಲಿಯುವುದು ಇದರಿಂದಲೇ. ಆದರೆ ಅಕ್ಕಪಕ್ಕದ ಎರಡು ಫಝ್ ಫೇಸ್‌ಗಳು ಒಂದೇ ರೀತಿ ನುಡಿಯುತ್ತಿರಲಿಲ್ಲ. ಮುಂಜಾನೆ ಚೆನ್ನಾಗಿದ್ದದ್ದು ವೇದಿಕೆಯ ದೀಪದ ಬಿಸಿಗೆ ತೊದಲುವುದೂ ಇತ್ತು. ಹೆಂಡ್ರಿಕ್ಸ್ ಅವರ ಪೆಟ್ಟಿಗೆಗಳನ್ನು ತಿದ್ದಿಕೊಡಲು ರೋಜರ್ ಮೇಯರ್ ಎಂಬ ತಂತ್ರಜ್ಞರಿದ್ದರು.

ಕಾರಣ ತಿಳಿಯಲು ಬಯಾಸ್ ಎಂದರೇನೆಂದು ನೋಡೋಣ. ಒಂಬತ್ತು ಅಡಿ ಎತ್ತರದ ಕೋಣೆಯಲ್ಲಿ ರಬ್ಬರಿನ ದಾರಕ್ಕೆ ಚೆಂಡು ಕಟ್ಟಿ ನಾಲ್ಕೂವರೆ ಅಡಿಯಲ್ಲಿ ತೂಗಿಬಿಟ್ಟಿದ್ದೀರಿ ಎನ್ನಿ. ಅದನ್ನು ಜೋರಾಗಿ ಕುಣಿಸಿದರೆ ಸೂರಿಗೂ ನೆಲಕ್ಕೂ ಸಮನಾಗಿ ಬಡಿಯುತ್ತದೆ. ಗಿಟಾರಿನ ಅಲೆಯ ತಲೆಯೂ ಬುಡವೂ ಹೀಗೆ ಚಪ್ಪಟೆಯಾಗುವುದೇ ಫಝ್. ಚೆಂಡನ್ನು ಸೂರಿಗೆ ಹತ್ತಿಸಿಯೇ ಕಟ್ಟಿದರೋ? ಮೆಲ್ಲಗೆ ಕುಣಿಸಿದರೂ ಒಂದು ಕಡೆ ಬಡಿಯುತ್ತದೆ. ಸ್ವರ ಕ್ಷೀಣಿಸುತ್ತಿದ್ದಂತೆ ಬುರ್ ಬುರ್ ಎಂದು ತುಂಡಾಗಿ ಥಟ್ಟನೆ ಸಾಯುತ್ತದೆ. ಅಲೆ ಇಲ್ಲದಾಗ ಟ್ರಾನ್ಸಿಸ್ಟರ್ ನಿಂತಿರುವ ಈ ಎತ್ತರವನ್ನು ನಿಗದಿಮಾಡುವುದೇ ಬಯಾಸ್.

ಮಲ್ಟಿಮೀಟರ್ ಹಿಡಿದು ಎರಡನೆಯ ಟ್ರಾನ್ಸಿಸ್ಟರಿನ ಕಲೆಕ್ಟರಿನಲ್ಲಿ ಅಳೆದರೆ ಸುಮಾರು 4.5 ವೋಲ್ಟ್ ಸಿಗಬೇಕು. (ಹಳೆಯ ಮಾದರಿಯಲ್ಲಿ ಬ್ಯಾಟರಿಯ ಧನ ತುದಿಯೇ ಭೂಮಿ. ಮೀಟರಿನಲ್ಲಿ ಋಣ ಚಿಹ್ನೆ ಕಂಡರೆ ಗಾಬರಿಯಾಗಬೇಡಿ.) 7 ಅಥವಾ 8 ವೋಲ್ಟ್ ಬಂತೆನ್ನಿ. ಹೊಸಬರು ಕೂಡಲೇ ಎರಡನೆಯದನ್ನು ಕಿತ್ತು ಬದಲಿಸುತ್ತಾರೆ. ತಪ್ಪು ಅನೇಕ ವೇಳೆ ಮೊದಲನೆಯದರಲ್ಲಿರುತ್ತದೆ.

ಲೆಕ್ಕ ಹಾಕಿ. ಮೊದಲ ಟ್ರಾನ್ಸಿಸ್ಟರಿನ ಕಲೆಕ್ಟರಿಗೆ 33 ಕಿಲೋ ಓಮ್ ರೋಧಕವಿದೆ. 9 ವೋಲ್ಟನ್ನು ಅದರಿಂದ ಭಾಗಿಸಿದರೆ 0.27 ಮಿಲಿಆಂಪಿಯರ್, ಅದಕ್ಕಿಂತ ಹೆಚ್ಚು ವಿದ್ಯುತ್ತು ಅಲ್ಲಿ ಹರಿಯಲಾರದು. ಜರ್ಮೇನಿಯಮ್ಮಿನ ದೌರ್ಬಲ್ಯವೆಂದರೆ, ಬೇಸ್‌ಗೆ ಏನೂ ಕೊಡದಿದ್ದರೂ ಕಲೆಕ್ಟರಿನಿಂದ ಎಮಿಟರಿಗೆ ಒಂದಿಷ್ಟು ಸೋರುತ್ತದೆ. ಉಷ್ಣತೆ ಸುಮಾರು 10 ಡಿಗ್ರಿ ಏರಿದಾಗಲೆಲ್ಲ ಈ ಸೋರಿಕೆ ಇಮ್ಮಡಿಯಾಗುತ್ತದೆ. 20 ಡಿಗ್ರಿಯಲ್ಲಿ 0.1 ಮಿಲಿಆಂಪಿಯರ್ ಸೋರುವುದು 30ರಲ್ಲಿ 0.2 ಸೋರುತ್ತದೆ. ಇನ್ನೂ ಬಿಸಿಯೇರಿದರೆ ಇಡೀ ಪಾಲನ್ನು ಸೋರಿಕೆಯೇ ನುಂಗಿಹಾಕುತ್ತದೆ. ಆಗ ಮೊದಲನೆಯದರ ಕಲೆಕ್ಟರನ್ನು ನೆಚ್ಚಿಕೊಂಡ ಎರಡನೆಯದಕ್ಕೆ ಉಪವಾಸ. ಅದರ ಮೂಲಕ ಹರಿಯಬೇಕಾದ ಅರ್ಧ ಮಿಲಿಆಂಪಿಯರ್ ಕುಸಿದು, ಕಲೆಕ್ಟರ್ 9 ವೋಲ್ಟಿನ ಸೂರಿನತ್ತ ಏರುತ್ತದೆ.

ಆದುದರಿಂದಲೇ ಅನುಭವಿಗಳು ಬೆಸುಗೆಗೆ ಮೊದಲು ಟ್ರಾನ್ಸಿಸ್ಟರುಗಳನ್ನು ಆರಿಸುತ್ತಾರೆ. ಬೇಸ್ ತೆರೆದಿಟ್ಟು ಸೋರಿಕೆ ಅಳೆಯುತ್ತಾರೆ, 0.3 ಮಿಲಿಆಂಪಿಯರ್ ಬಂತೆನ್ನಿ. ನಂತರ 2.2 ಮೆಗಾ ಓಮ್ ಮೂಲಕ ಬೇಸ್‌ಗೆ 4 ಮೈಕ್ರೋ ಆಂಪಿಯರ್ ಕೊಟ್ಟಾಗ 0.7 ತೋರಿಸಿತು. ನೇರವಾಗಿ ಭಾಗಿಸಿದರೆ ವರ್ಧನೆ 175! ಸೋರಿಕೆ ಕಳೆದರೆ ಉಳಿಯುವುದು 0.4, ನಿಜವಾದ ವರ್ಧನೆ 100 ಮಾತ್ರ. ಅಗ್ಗದ ಮೀಟರುಗಳು ಮೋಸಹೋಗುವುದು ಇಲ್ಲಿಯೇ. ಮೊದಲ ಸ್ಥಾನಕ್ಕೆ 70ರ ಆಸುಪಾಸಿನದು, ಎರಡನೆಯದಕ್ಕೆ 100 ದಾಟಿದ್ದು ಎಂಬುದು ಹವ್ಯಾಸಿಗಳಲ್ಲಿ ರೂಢಿ. ಕಡಿಮೆ ಸೋರುವುದು ಮೊದಲಿಗೇ ಇರಲಿ. ಉಳಿದ ಸಣ್ಣ ವ್ಯತ್ಯಾಸಕ್ಕೆ ಎರಡನೆಯ ಕಲೆಕ್ಟರಿನ 8.2 ಕಿಲೋ ಓಮ್ ಬದಲು ತಿರುಗಿಸಿ ಹೊಂದಿಸುವ ರೋಧಕವನ್ನು ಹಾಕಿದರಾಯಿತು.

ಅರವತ್ತರ ದಶಕದ ಕೊನೆಯಲ್ಲಿ ಸಿಲಿಕಾನ್ ಟ್ರಾನ್ಸಿಸ್ಟರಿನ ಫಝ್ ಫೇಸ್ ಬಂತು. ಸೋರಿಕೆ ಗಣನೆಗೆ ಬಾರದಷ್ಟು, ಬಿಸಿಗೆ ಅಳುಕದು. ಆದರೂ ಅದರ ದನಿ ಒರಟು ಎಂದು ಜರ್ಮೇನಿಯಮ್ಮನ್ನು ಹುಡುಕುವವರು ಈಗಲೂ ಇದ್ದಾರೆ. ನಮ್ಮ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಜರ್ಮೇನಿಯಮ್ ಅರೆವಾಹಕ ಸಾಧನಗಳನ್ನು ತಯಾರಿಸತೊಡಗಿದ್ದು 1962ರಲ್ಲಿ, ಮೇಸ್ಟ್ರೋ ಪೆಟ್ಟಿಗೆ ಹುಟ್ಟಿದ ವರ್ಷವೇ. ಹಳೆಯ ರೇಡಿಯೋ ಬಿಚ್ಚಿ ನಿಮಗೂ ಒಂದು ಜರ್ಮೇನಿಯಮ್ ಟ್ರಾನ್ಸಿಸ್ಟರ್ ಸಿಕ್ಕರೆ, ಸೋರಿಕೆ ಅಳೆಯುವಾಗ ಅದನ್ನು ಎರಡು ಬೆರಳಲ್ಲಿ ಹಿಡಿದು ನೋಡಿ. ಮೈಯ ಕಾವಿಗೇ ಮುಳ್ಳು ಮೇಲೇರುತ್ತದೆ. ಬಿಟ್ಟ ಮೇಲೆ ಇಳಿಯಲು ಸ್ವಲ್ಪ ಹೊತ್ತು ಬೇಕು. ಅಲ್ಲಿಯವರೆಗೆ ಅಂಕಿ ಬರೆದುಕೊಳ್ಳಬೇಡಿ.