ಪಿಯುಸಿಗೆ ಯಾವ ಕಾಂಬಿನೇಶನ್? ಒಂದು ಪ್ರಶ್ನೆಯ ನೂರು ವರ್ಷ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರ ನಮ್ಮ ಊರುಗಳಲ್ಲಿ ಒಂದೇ ಪ್ರಶ್ನೆ: ‘ಮುಂದೆ ಏನ್ ತಗೊಳ್ತೀಯ?’ ಟೀ ಅಂಗಡಿಯಲ್ಲಿ ಅದೇ, ಹಾಲಿನ ಡೇರಿ ಮುಂದೆ ಅದೇ, ಮದುವೆ ಊಟದ ಪಂಕ್ತಿಯಲ್ಲೂ ಅದೇ. ಇಲ್ಲಿ ಬರೆಯುವ ನಮ್ಮಲ್ಲಿ ಹೆಚ್ಚಿನವರು ಆ ಪ್ರಶ್ನೆಗೆ ‘ಆರ್ಟ್ಸ್’ ಎಂದವರು. ಅದು ನಾವು ಆರಿಸಿಕೊಂಡ ಉತ್ತರವಲ್ಲ. ಹೋಬಳಿಯ ಪಿಯು ಕಾಲೇಜಿನಲ್ಲಿ ಇದ್ದದ್ದೇ ಆರ್ಟ್ಸ್ ಮತ್ತು ಕಾಮರ್ಸ್. ಸೈನ್ಸ್ ಬೇಕೆಂದರೆ ತಾಲ್ಲೂಕು ಕೇಂದ್ರಕ್ಕೆ ಹೋಗಬೇಕಿತ್ತು. ಊರಿನಿಂದ ಹೊರಡುವ ಮೊದಲ ಬಸ್ಸು ಅಲ್ಲಿಗೆ ತಲುಪುವ ಹೊತ್ತಿಗೆ ಮೊದಲ ಪೀರಿಯಡ್ ಮುಗಿದಿರುತ್ತಿತ್ತು. ಸಂಜೆ ಬಸ್ಸು ಇಳಿದು ಕತ್ತಲಲ್ಲಿ ನಡೆದು ಬರಬೇಕು ಅಂದಾಗ ಹೆಣ್ಣುಮಕ್ಕಳ ಮನೆಯಲ್ಲಿ ಮಾತು ಅಲ್ಲಿಗೇ ನಿಂತಿತು.

ಇದನ್ನು ನಾವು ಬಹಳ ದಿನ ನಮ್ಮ ಹಣೆಬರಹ ಅಂದುಕೊಂಡಿದ್ದೆವು. ಹಳೆಯದನ್ನು ಓದುತ್ತಾ ಹೋದಂತೆ ಇದಕ್ಕೆ ನೂರು ವರ್ಷದ ಚರಿತ್ರೆಯೇ ಇದೆ ಅನ್ನಿಸಿತು. ಯಾರು ಏನು ಓದಬೇಕು ಎಂಬುದನ್ನು ತೀರ್ಮಾನಿಸುವ ಒಂದು ಬಾಗಿಲು ಎಲ್ಲ ಕಾಲದಲ್ಲೂ ಇತ್ತು. ಕಾಲಕಾಲಕ್ಕೆ ಅದು ಇದ್ದ ಜಾಗ ಮಾತ್ರ ಬದಲಾಯಿತು.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಶುರುವಾದಾಗ ಆ ಬಾಗಿಲು ಊರಿನ ಹೆಸರಿನಲ್ಲೇ ಇತ್ತು. ಕಲೆ ಓದುವವರು ಮೈಸೂರಿನ ಮಹಾರಾಜಾ ಕಾಲೇಜಿಗೆ, ವಿಜ್ಞಾನ ಓದುವವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ. ಮರುವರ್ಷ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು. ಅದೇ 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಗುವವರೆಗೆ ಆ ಕಡೆಯ ಹುಡುಗರು ಡಿಗ್ರಿಗಾಗಿ ಪುಣೆಯಂಥ ದೂರದ ಊರುಗಳ ದಾರಿ ಹಿಡಿಯುತ್ತಿದ್ದರು. ಕಲಬುರಗಿ ಸೀಮೆಯವರಿಗೆ ಹೈದರಾಬಾದು.

ಹಾಗಾಗಿ ಕೋರ್ಸ್ ಯಾವುದು ಎಂಬುದಕ್ಕಿಂತ ಮೊದಲು ಕೇಳುತ್ತಿದ್ದದ್ದು ‘ಆ ಊರಲ್ಲಿ ಅನ್ನ ಎಲ್ಲಿ, ಮಲಗೋದು ಎಲ್ಲಿ’ ಎಂದು. 1905ರಿಂದ 1916ರ ನಡುವೆ ಹುಟ್ಟಿದ ಸಂಸ್ಥೆಗಳನ್ನು ನೋಡಿದರೆ ಇದು ಅರ್ಥವಾಗುತ್ತದೆ. 1906ರಲ್ಲಿ ಒಕ್ಕಲಿಗರ ಸಂಘ, 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ ಸೊಸೈಟಿ. ಸಮುದಾಯಗಳ ಸಂಘಗಳು, ಮಠಗಳು ನಡೆಸಿದ ಹಾಸ್ಟೆಲುಗಳಿಂದಲೇ ಹಳ್ಳಿಯ ಎಷ್ಟೋ ಮನೆಗಳ ಮೊದಲ ಪದವೀಧರರು ಹೊರಬಂದರು. ಹಾಸ್ಟೆಲ್ ಕಟ್ಟಿಸುವ ಶಕ್ತಿ ಇಲ್ಲದ ಸಮುದಾಯಗಳ ಮಕ್ಕಳು ಹಿಂದೆಯೇ ಉಳಿದರು. ಮೈಸೂರು ಸರ್ಕಾರ 1918ರಲ್ಲಿ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿದ್ದು ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರಿಗೆ ಪಾಲು ಸಿಗುವುದು ಹೇಗೆ ಎಂದು ನೋಡಲು. ನೌಕರಿಯ ಪ್ರಶ್ನೆ ಕೊನೆಗೆ ಶಿಕ್ಷಣದ ಪ್ರಶ್ನೆಯೇ ಆಗಿತ್ತು.

ಗೌರಿಬಿದನೂರು ಬಳಿಯ ಹೊಸೂರಿನ ಎಚ್. ನರಸಿಂಹಯ್ಯನವರು 1935ರಲ್ಲಿ ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದುಕೊಂಡೇ ಬಂದ ಕಥೆ ನಮಗೆಲ್ಲ ಗೊತ್ತು. ಮುಂದೆ ಅವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, ಕೊನೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಈ ಕಥೆಯನ್ನು ಮೇಷ್ಟ್ರುಗಳು ನಮಗೆ ಛಲದ ಪಾಠವಾಗಿ ಹೇಳಿದರು. ನಮಗೆ ಈಗ ಇನ್ನೊಂದೂ ಕಾಣುತ್ತದೆ: ಆ ರಸ್ತೆಯಲ್ಲಿ ನಡೆಯಲಾಗದೆ ಊರಲ್ಲೇ ಉಳಿದ ಹುಡುಗರು ಎಷ್ಟು ಜನವೋ!

ಏಕೀಕರಣದ ಹೊತ್ತಿಗೆ ಕಾಲೇಜುಗಳು ಜಿಲ್ಲೆಗಳಿಗೆ ಬಂದವು. ದಾವಣಗೆರೆ, ಕಲಬುರಗಿ, ಹಾಸನ, ಸುರತ್ಕಲ್, ಮಂಡ್ಯ ಎಂದು 1950–60ರ ದಶಕಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳ ಸಾಲೇ ಎದ್ದಿತು. ದೂರ ಕಡಿಮೆಯಾಯಿತು, ಆದರೆ ಸೀಟು ಕಡಿಮೆ, ಕೇಳುವವರು ಹೆಚ್ಚು. ಬಾಗಿಲು ಈಗ ಆಯ್ಕೆ ಸಮಿತಿಯ ಕೋಣೆಗೆ ಬಂತು. 1962ರಲ್ಲಿ ಮೈಸೂರು ಸರ್ಕಾರ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಸೀಟುಗಳಲ್ಲಿ ಶೇ 68ರಷ್ಟನ್ನು ಮೀಸಲಿಟ್ಟಾಗ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಮೀಸಲಾತಿ ಶೇ 50 ದಾಟಬಾರದು ಎಂಬ ಮಾತು ಬೇರೂರಿದ್ದು ನಮ್ಮ ರಾಜ್ಯದ ಈ ಪ್ರಕರಣದಿಂದಲೇ. ಮರುವರ್ಷದ ಆದೇಶದಲ್ಲಿ ಸಂದರ್ಶನಕ್ಕೂ ಅಂಕ ಇಟ್ಟರು: ಐಚ್ಛಿಕ ವಿಷಯಗಳ ಒಟ್ಟು ಅಂಕದ ಶೇ 25ರಷ್ಟು. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್‌ಸಿಸಿ, ಆಟ, ನಾಟಕ, ಚರ್ಚಾಸ್ಪರ್ಧೆ ಎಲ್ಲವನ್ನೂ ನೋಡಬೇಕಿತ್ತು. 1964ರಲ್ಲಿ ಸುಪ್ರೀಂ ಕೋರ್ಟ್ ಬಹುಮತದಿಂದ ಈ ಪದ್ಧತಿಯನ್ನು ಒಪ್ಪಿತು. ಹೊಲದ ಕೆಲಸ ಮುಗಿಸಿ ಶಾಲೆಗೆ ಬರುತ್ತಿದ್ದ ಹುಡುಗ ಆ ಕೋಣೆಯಲ್ಲಿ ಯಾವ ಚರ್ಚಾಸ್ಪರ್ಧೆಯ ಸರ್ಟಿಫಿಕೇಟು ತೋರಿಸಬೇಕಿತ್ತು?

ಆಮೇಲೆ ಬಂದದ್ದು ದುಡ್ಡಿನ ಬಾಗಿಲು. ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ 1953ರಲ್ಲಿ ಖಾಸಗಿ ವೈದ್ಯಕೀಯ ಕಾಲೇಜು ತೆರೆದು ಒಂದು ದಾರಿ ತೋರಿಸಿದ್ದರು. ಎಪ್ಪತ್ತರ ದಶಕದ ಕೊನೆಯಿಂದ ರಾಜ್ಯದಾದ್ಯಂತ ಖಾಸಗಿ ಕಾಲೇಜುಗಳು ಎದ್ದವು, ‘ಡೊನೇಶನ್’ ಎಂಬುದು ಹಳ್ಳಿಯವರ ಬಾಯಲ್ಲೂ ಕನ್ನಡ ಪದವಾಯಿತು. 1984ರಲ್ಲಿ ಕ್ಯಾಪಿಟೇಶನ್ ಶುಲ್ಕ ನಿಷೇಧಿಸುವ ಕಾಯ್ದೆ ಬಂತು. ಆದರೂ 1989ರಲ್ಲಿ ಸರ್ಕಾರವೇ ಹೊರಡಿಸಿದ ಅಧಿಸೂಚನೆಯಂತೆ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಸೀಟಿಗೆ ರಾಜ್ಯದವರಿಗೆ 25,000, ಹೊರರಾಜ್ಯದವರಿಗೆ 60,000. ಇದನ್ನು ಪ್ರಶ್ನಿಸಿ ಮೀರತ್‌ನ ವಿದ್ಯಾರ್ಥಿನಿಯೊಬ್ಬರು ಸುಪ್ರೀಂ ಕೋರ್ಟ್‌ಗೆ ಹೋದರು. 1992ರ ತೀರ್ಪು ಅವರ ವಾದವನ್ನು ಎತ್ತಿಹಿಡಿಯಿತು. 1993ರ ಇನ್ನೊಂದು ತೀರ್ಪು ಖಾಸಗಿ ಕಾಲೇಜುಗಳ ಅರ್ಧ ಸೀಟನ್ನು ‘ಫ್ರೀ ಸೀಟು’, ಇನ್ನರ್ಧವನ್ನು ‘ಪೇಮೆಂಟ್ ಸೀಟು’ ಎಂದು ಪಾಲು ಮಾಡಿತು.

1994ರಲ್ಲಿ ಸಿಇಟಿ ಬಂದದ್ದು ಈ ಬೆನ್ನಲ್ಲೇ. ಅದು ದೊಡ್ಡ ಬದಲಾವಣೆ ಎನ್ನಲು ನಮಗೆ ಹಿಂಜರಿಕೆಯಿಲ್ಲ. ಶಿಫಾರಸು ಪತ್ರ ಹಿಡಿದು ಯಾರ ಮನೆ ಬಾಗಿಲಿಗೂ ಅಲೆಯದೆ, ಒಂದು ರ್‍ಯಾಂಕ್ ಹಿಡಿದು ಬೆಂಗಳೂರಿನ ಕೌನ್ಸೆಲಿಂಗ್‌ಗೆ ಹೋದರೆ ಸೀಟು ಸಿಗುವ ಕಾಲ ಬಂತು. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಸೀಟುಗಳ ಮೀಸಲಾತಿಯೂ ಸೇರಿತು. ಕೃಷಿ ಕೋರ್ಸ್‌ಗಳಲ್ಲಿ ರೈತರ ಮಕ್ಕಳ ಕೋಟಾಕ್ಕೆ ಪ್ರಾಯೋಗಿಕ ಪರೀಕ್ಷೆಯೇ ಇದೆ: ಬೀಜ, ಗೊಬ್ಬರ, ಸಲಕರಣೆ ಗುರುತಿಸುವ ಪರೀಕ್ಷೆ. ಮಣ್ಣಿನಲ್ಲಿ ಬೆಳೆದದ್ದಕ್ಕೂ ಅಂಕ ಸಿಗುವ ಜಾಗ ಅದೊಂದೇ ಎಂದು ನಾವು ತಮಾಷೆ ಮಾಡುವುದುಂಟು.

ಆದರೆ ಬಾಗಿಲು ಮಾಯವಾಗಲಿಲ್ಲ, ಕೆಳಕ್ಕೆ ಜಾರಿತು. ಸಿಇಟಿ ಬರೆದು ಎಂಜಿನಿಯರಿಂಗ್‌ಗೋ ಕೃಷಿಗೋ ಹೋಗಬೇಕಾದರೆ ಪಿಯುಸಿಯಲ್ಲಿ ಸೈನ್ಸ್ ಇರಲೇಬೇಕು. ಎಪ್ಪತ್ತರ ದಶಕದಲ್ಲಿ ಪಿಯುಸಿ ಎರಡು ವರ್ಷವಾದಾಗಿನಿಂದ ಆರ್ಟ್ಸ್, ಕಾಮರ್ಸ್, ಸೈನ್ಸ್ ಎಂಬ ಮೂರು ದಾರಿ ಹತ್ತನೇ ತರಗತಿಯ ಹೊಸ್ತಿಲಲ್ಲೇ ಕವಲೊಡೆಯುತ್ತವೆ. ಸೈನ್ಸ್ ಓದಿದವರು ಆಮೇಲೆ ಬಿಎ ಸೇರಬಹುದು. ಎಚ್‌ಇಪಿಎಸ್ ತೆಗೆದುಕೊಂಡವರು ಪಿಸಿಎಂಬಿ ಕಡೆಗೆ ದಾಟಲು ಆಗದು. ಗ್ರಾಮೀಣ ಮೀಸಲಾತಿ ಕಾಯುತ್ತಿರುವುದು ಪಿಯುಸಿ ಮುಗಿದ ಮೇಲೆ. ಹೋಬಳಿ ಕಾಲೇಜಿನಲ್ಲಿ ಸೈನ್ಸ್ ವಿಭಾಗವೇ ಇಲ್ಲದ ಹುಡುಗಿ ಆ ಮೀಸಲಾತಿಯ ಬಳಿ ತಲುಪುವುದೇ ಇಲ್ಲ. 2021ರಲ್ಲಿ ಹೊಸ ಶಿಕ್ಷಣ ನೀತಿಯಂತೆ ಡಿಗ್ರಿಯಲ್ಲಿ ವಿಷಯಗಳನ್ನು ಬೆರೆಸಿ ಓದುವ ನಾಲ್ಕು ವರ್ಷದ ಪದ್ಧತಿ ತಂದರು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದರು. ಎರಡು ಸಲವೂ ಕೈ ಹಾಕಿದ್ದು ಡಿಗ್ರಿಗೆ. ಹದಿನಾರರ ಹೊಸ್ತಿಲು ಇದ್ದಲ್ಲೇ ಇದೆ.

ನಾವು ಆರ್ಟ್ಸ್ ಓದಿದ್ದಕ್ಕೆ ಬೇಸರಪಟ್ಟು ಇದನ್ನು ಬರೆಯುತ್ತಿಲ್ಲ. ಇತಿಹಾಸ, ರಾಜ್ಯಶಾಸ್ತ್ರ ಓದಿದ್ದರಿಂದಲೇ ಪತ್ರಿಕೋದ್ಯಮ ನಮ್ಮ ಕೈಗೆ ಬಂತು. ‘ಸೈನ್ಸ್ ಸಿಗದವರು ಆರ್ಟ್ಸ್’ ಎಂದು ಊರು ಆಡಿಕೊಂಡಾಗ ನೋವಾಗಿದ್ದು ನಿಜ. ಆದರೆ ಇಷ್ಟಪಟ್ಟು ಆರ್ಟ್ಸ್‌ಗೆ ಹೋಗುವುದಕ್ಕೂ ಬೇರೆ ಇಲ್ಲದೆ ಹೋಗುವುದಕ್ಕೂ ವ್ಯತ್ಯಾಸವಿದೆ. ನಮಗೆ ಸಿಗದೇ ಹೋದದ್ದು ಆ ವ್ಯತ್ಯಾಸ.

ಅದಕ್ಕೇ ಈ ಜೂನ್‌ನಲ್ಲಿ ನಿಮ್ಮ ಮನೆಯ ತಂಗಿ, ತಮ್ಮ, ಅಣ್ಣನ ಮಗಳು ಅರ್ಜಿ ತುಂಬುವಾಗ ಪಕ್ಕದಲ್ಲಿ ಕುಳಿತುಕೊಳ್ಳಿ. ‘ಏನ್ ತಗೊಳ್ತೀಯ’ ಎನ್ನುವ ಮೊದಲು ‘ಏನೇನು ಇದೆ’ ಎಂದು ಒಟ್ಟಿಗೆ ನೋಡಿ. ಹತ್ತನೇ ತರಗತಿ ಆದ ಮೇಲೆ ಮೂರು ವರ್ಷದ ಡಿಪ್ಲೊಮಾ ಮಾಡಿದವರು ಡಿಸಿಇಟಿ ಬರೆದು ನೇರ ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಸೇರಬಹುದು. ಐದು ವರ್ಷದ ಕಾನೂನು ಪದವಿಗೆ ಯಾವ ಕಾಂಬಿನೇಶನ್ ಆದರೂ ನಡೆಯುತ್ತದೆ. ಕೆಎಎಸ್ ಬರೆಯಲು ಯಾವ ಡಿಗ್ರಿಯಾದರೂ ಸಾಕು. ಗ್ರಾಮೀಣ ವ್ಯಾಸಂಗ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರಗಳನ್ನು ಶಾಲೆಯಿಂದ ಈಗಲೇ ಮಾಡಿಸಿಟ್ಟುಕೊಳ್ಳಿ. ಕೌನ್ಸೆಲಿಂಗ್ ಹತ್ತಿರ ಬಂದಾಗ ಹೆಡ್‌ಮಾಸ್ಟರ್ ಸಿಗುವುದಿಲ್ಲ.

ಜೊತೆಗೆ ಇನ್ನೊಂದು ಕೆಲಸ. ನಿಮ್ಮ ಹೋಬಳಿಯ ಪಿಯು ಕಾಲೇಜಿಗೆ ಸೈನ್ಸ್ ವಿಭಾಗ ಬೇಕು, ಬೆಳಗಿನ ಬಸ್ಸು ಅರ್ಧ ಗಂಟೆ ಮುಂಚೆ ಹೊರಡಬೇಕು ಎಂದು ಗ್ರಾಮಸಭೆಯಲ್ಲಿ ಒಂದು ಅರ್ಜಿ ಕೊಡಿ. ನೂರು ವರ್ಷದಲ್ಲಿ ಈ ಬಾಗಿಲು ಸರಿದಾಗಲೆಲ್ಲ ಅದನ್ನು ಸರಿಸಿದ್ದು ಹೀಗೆ ಕೇಳಿದವರೇ.