ಕುಮಟಾ ಹತ್ತಿ ಇಳಿದ ದಂಡೆ

ಹತ್ತೊಂಬತ್ತನೆಯ ಶತಮಾನದ ಮುಂಬೈ ಹತ್ತಿ ಪೇಟೆಯಲ್ಲಿ ‘ಕುಮಟಾ’ ಎಂಬುದೊಂದು ಹತ್ತಿಯ ಜಾತಿ. ನಾನು ಕುಮಟೆಯವನು. ನಮ್ಮೂರಲ್ಲಿ ಹತ್ತಿ ಗಿಡ ಕಂಡಿದ್ದರೆ ದೇವರ ದೀಪದ ಬತ್ತಿಗೆಂದು ಹಿತ್ತಿಲಲ್ಲಿ ನೆಟ್ಟ ಒಂದೆರಡು ಮಾತ್ರ. ಪೇಟೆಗೆ ಹೋದ ಹತ್ತಿ ಧಾರವಾಡ, ಹುಬ್ಬಳ್ಳಿ, ಗದಗಿನ ಎರೆನೆಲದ್ದು. ಅಲ್ಲಿಂದ ಹೇರೆತ್ತು, ಗಾಡಿಗಳ ಮೇಲೆ ಶಿರಸಿಗೆ ಬಂದು, ದೇವಿಮನೆ ಘಟ್ಟ ಇಳಿದು, ಕುಮಟೆಯ ಅಳಿವೆಯಲ್ಲಿ ಪತ್ತೆಮಾರಿ ಹಡಗು ಹತ್ತುತ್ತಿತ್ತು. ಮಳೆಗಾಲ ಹಿಡಿಯುವುದರೊಳಗೆ ಮುಂಬೈ ಮುಟ್ಟಬೇಕು. ಜೂನ್ ಬಂತೆಂದರೆ ಕರಾವಳಿಯ ಸಣ್ಣ ಬಂದರುಗಳೆಲ್ಲ ಬಾಗಿಲು ಹಾಕುತ್ತಿದ್ದವು, ಘಟ್ಟದ ದಾರಿಯಲ್ಲಿ ಉಳಿದ ಹತ್ತಿ ನೆನೆದು ಹಾಳಾಗುತ್ತಿತ್ತು. ಬೆಳೆದ ಊರನ್ನು ಬಿಟ್ಟು ಹಡಗು ಹತ್ತಿಸಿದ ಊರಿನ ಹೆಸರು ಅದಕ್ಕೆ ಅಂಟಿಕೊಂಡಿತು. ವ್ಯಾಪಾರಸ್ಥರ ಲೆಕ್ಕವೇ ಹಾಗೆ.

ಮೊನ್ನೆ ಚಳಿಗಾಲದಲ್ಲಿ ನಾಲ್ಕು ದಿನ ಇದ್ದು ಬರೋಣವೆಂದು ಮುಂಬೈಗೆ ಹೋದಾಗ, ಆ ಹತ್ತಿ ಇಳಿಯುತ್ತಿದ್ದ ದಂಡೆಯನ್ನೇ ನೋಡಬೇಕೆಂದು ಹಟ ಹಿಡಿದೆ. ಮುಲುಂಡಿನಲ್ಲಿರುವ ತಂಗಿಯ ಮಗನಿಗೆ ಇದು ಅರ್ಥವಾಗಲಿಲ್ಲ. “ಲಾರಿ, ಗೋಡೌನ್ ಬಿಟ್ರೆ ಆ ಬದಿಗೆ ಎಂತ ಇದ್ದು ಮಾವ?” ಅಂದ. ಮುಂಬೈಗೆ ಬಂದವರೆಲ್ಲ ಪಶ್ಚಿಮದ ಸಮುದ್ರ ನೋಡುತ್ತಾರೆ: ಮರೀನ್ ಡ್ರೈವ್, ಚೌಪಾಟಿ, ಜುಹು. ಅದು ಗಾಳಿ ತಿನ್ನುವ ಸಮುದ್ರ. ಊರಿಗೆ ಅನ್ನ ಹಾಕಿದ್ದು ಪೂರ್ವದ್ದು. ದ್ವೀಪಕ್ಕೂ ಒಳನಾಡಿಗೂ ನಡುವೆ ಅಲೆಯಿಲ್ಲದ ಆಳ ನೀರು ಇರುವುದು ಆ ಮಗ್ಗುಲಲ್ಲಿ. ಕೊಲಾಬಾದಿಂದ ವಡಾಳಾದವರೆಗೆ ಧಕ್ಕೆಗಳು ಸಾಲುಗಟ್ಟಿರುವುದೂ ಅಲ್ಲೇ.

ಕೊಲಾಬಾದ ಸಸೂನ್ ಡಾಕ್‌ಗೆ ಬೆಳಕು ಹರಿಯುವ ಮೊದಲೇ ಹೋಗಬೇಕು. ಬಂಗಡೆ, ಸಿಗಡಿಯ ಬುಟ್ಟಿಗಳ ನಡುವೆ ಕೋಳಿ ಎಂಬ ಮೀನುಗಾರ ಸಮುದಾಯದ ಹೆಂಗಸರ ಹರಾಜಿನ ಕೂಗು. ಕಾಲಿಟ್ಟಲ್ಲೆಲ್ಲ ಮಂಜುಗಡ್ಡೆಯ ನೀರು. ನನ್ನ ಚಪ್ಪಲಿಯ ವಾಸನೆ ಮುಲುಂಡಿನ ಮನೆಯಲ್ಲಿ ಒಂದು ಚರ್ಚೆಯ ವಿಷಯವೇ ಆಯಿತು. 1875ರಲ್ಲಿ ಇದನ್ನು ಕಟ್ಟಿದಾಗ ಉದ್ದೇಶ ಮೀನಲ್ಲ, ಹತ್ತಿ. ಕಟ್ಟಿಸಿದವನು ಆಲ್ಬರ್ಟ್ ಅಬ್ದುಲ್ಲಾ ಸಸೂನ್. ಅವನ ತಂದೆ ಡೇವಿಡ್ ಸಸೂನ್ ಬಾಗ್ದಾದಿನ ಯೆಹೂದಿ. 1830ರ ದಶಕದಲ್ಲಿ ಮುಂಬೈಗೆ ಬಂದು ನೆಲೆಸಿ, ಅಫೀಮು ಮತ್ತು ಹತ್ತಿಯಲ್ಲಿ ದುಡ್ಡು ಮಾಡಿದವನು. ಬೈಕಲ್ಲಾದಲ್ಲಿ 1864ರ ಮಾಗೆನ್ ಡೇವಿಡ್ ಸಿನಗಾಗ್ ಅವನದೇ. ಕೋಟೆ ಪ್ರದೇಶದಲ್ಲಿ 1884ರ ಕೆನೆಸೆತ್ ಎಲಿಯಾಹೂ ಸಿನಗಾಗ್ ಕಟ್ಟಿಸಿದ್ದು ಮೊಮ್ಮಗ ಜೇಕಬ್. ಅಲ್ಲಿಂದ ನಡೆದು ಹೋಗುವಷ್ಟೇ ದೂರದಲ್ಲಿ ಅರ್ಮೇನಿಯನ್ನರ ಸೇಂಟ್ ಪೀಟರ್ ಚರ್ಚ್ ಇದೆ, 1796ರದ್ದು. ಮಝಗಾಂವದ ಒಂದು ಹಳೆಯ ಮನೆಯ ಮಹಡಿಯಲ್ಲಿ ಚೀನೀ ನಾವಿಕರ ಪೈಕಿಯವರು ಕಟ್ಟಿಕೊಂಡ ಸಣ್ಣ ಗುಡಿಯಿದೆ. ಆ ಕೇರಿಯ ಚೀನೀಯರಲ್ಲಿ ಅನೇಕರು 1962ರ ಯುದ್ಧದ ನಂತರ ಊರು ಬಿಟ್ಟರು.

ಇದನ್ನೆಲ್ಲ ‘ಸರ್ವಧರ್ಮ ಸಮಭಾವ’ ಎಂದು ಹೊಗಳುವ ಮಾತುಗಳನ್ನು ನಾನೂ ಶಾಲೆಯಲ್ಲಿ ಮಕ್ಕಳಿಗೆ ಹೇಳಿದ್ದೇನೆ. ದಂಡೆಯಲ್ಲಿ ನಿಂತರೆ ಬೇರೆಯೇ ಕಾಣುತ್ತದೆ. ಒಂದೊಂದು ಜನ ಒಂದೊಂದು ಸರಕಿನ ಬೆನ್ನು ಹತ್ತಿ ಬಂದಿತು, ಆ ಸರಕು ಇಳಿಯುವಲ್ಲೇ ಮನೆ ಕಟ್ಟಿತು. ಸೂರತ್ತಿನ ಪಾರ್ಸಿ ಬಡಗಿ ಲೌಜಿ ವಾಡಿಯಾನನ್ನು ಕಂಪನಿ ಸರ್ಕಾರ 1736ರ ಹೊತ್ತಿಗೆ ಕರೆಸಿಕೊಂಡಿದ್ದು ಪ್ರೀತಿಯಿಂದಲ್ಲ, ತೇಗದ ಹಡಗು ಬೇಕಿತ್ತು. ಅವನ ವಂಶದವರು 1817ರಲ್ಲಿ ಇಲ್ಲಿ ನೀರಿಗಿಳಿಸಿದ ಟ್ರಿಂಕೊಮಲೀ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟ್‌ಲ್‌ಪೂಲ್‌ನಲ್ಲಿ ಇವತ್ತಿಗೂ ತೇಲುತ್ತಿದೆ. ಅವರೇ ಕಟ್ಟಿದ ಕಾರ್ನ್‌ವಾಲಿಸ್ ಹಡಗಿನ ಮೇಲೆ 1842ರಲ್ಲಿ ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಬಿತ್ತು, ಚೀನಾ ಹಾಂಗ್‌ಕಾಂಗ್ ಬಿಟ್ಟುಕೊಟ್ಟಿತು.

ಹತ್ತಿಗೆ ಹುಚ್ಚು ಹಿಡಿದದ್ದು 1861ರಲ್ಲಿ. ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿ, ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿತ್ತು. ಲ್ಯಾಂಕಶೈರ್ ಗಿರಣಿಗಳು ಬಾಯಿಬಿಟ್ಟು ಕುಳಿತವು. ಹತ್ತಿಯ ದರ ಹಲವು ಪಟ್ಟು ಏರಿತು, ಮುಂಬೈಗೆ ಹಣದ ಮಳೆಯೇ ಸುರಿಯಿತು. ಪ್ರೇಮಚಂದ್ ರಾಯಚಂದ್ ಷೇರು ಪೇಟೆಯ ರಾಜನಾದ. ಸಮುದ್ರ ತುಂಬಿ ನೆಲ ಮಾಡುತ್ತೇವೆಂದು ದಿನಕ್ಕೊಂದು ಕಂಪನಿ ಹುಟ್ಟಿತು. ಇನ್ನೂ ನೀರಿನಡಿಯಲ್ಲಿದ್ದ ಜಾಗದ ಷೇರಿಗೆ ಜನ ಮನೆಯ ಒಡವೆ ಮಾರಿದರು. 1865ರಲ್ಲಿ ಯುದ್ಧ ಮುಗಿಯಿತು. ಜುಲೈ 1ರಂದು ಷೇರು ವ್ಯವಹಾರಗಳ ವಾಯಿದೆ ತೀರಿದಾಗ ಕೊಡಲು ಯಾರ ಬಳಿಯೂ ದುಡ್ಡಿರಲಿಲ್ಲ. ಮುಳುಗಿದವರ ಸಾಲಿನಲ್ಲಿ ಪ್ರೇಮಚಂದನೂ ಇದ್ದ. ಅದಕ್ಕೂ ಮೊದಲು ಅವನು ಕೊಟ್ಟ ದಾನದಿಂದ ವಿಶ್ವವಿದ್ಯಾಲಯದ ಗಡಿಯಾರ ಗೋಪುರ ಎದ್ದಿತು. ಅದಕ್ಕೆ ಅವನ ತಾಯಿ ರಾಜಾಬಾಯಿಯ ಹೆಸರು.

ಇದೇ ಹತ್ತಿಯ ಹುಚ್ಚು ನಮ್ಮ ಜಿಲ್ಲೆಯ ಹಣೆಬರಹವನ್ನೂ ಬರೆಯಿತು. ಕೆನರಾ ಆಗ ಮದ್ರಾಸಿಗೆ ಸೇರಿತ್ತು. ಧಾರವಾಡದ ಹತ್ತಿ ಕಾರವಾರ ಬಂದರಿನಿಂದ ಹೊರಡಬೇಕು, ಹತ್ತಿಯ ಊರೂ ಬಂದರೂ ಒಂದೇ ಆಡಳಿತದಲ್ಲಿರಬೇಕು ಎಂದು ಮ್ಯಾಂಚೆಸ್ಟರಿನವರು ಒತ್ತಡ ತಂದರು. 1862ರಲ್ಲಿ ಉತ್ತರ ಕನ್ನಡ ಮುಂಬೈ ಪ್ರಾಂತ್ಯಕ್ಕೆ ಸೇರಿತು, 1956ರವರೆಗೆ ಅಲ್ಲೇ ಉಳಿಯಿತು. ನನ್ನ ಅಪ್ಪನ ಕಾಲದವರು ಕೋರ್ಟು, ಕಾಲೇಜು, ನೌಕರಿ ಎಲ್ಲಕ್ಕೂ ಮುಂಬೈ ದಿಕ್ಕಿಗೆ ನೋಡುತ್ತಿದ್ದುದಕ್ಕೆ ಮೂಲ ಇಲ್ಲಿದೆ.

ಹಾರ್ಬರ್ ಲೈನ್ ರೈಲು ಹತ್ತಿದರೆ ಡಾಕ್‌ಯಾರ್ಡ್ ರೋಡ್, ರೇ ರೋಡ್ ದಾಟಿ ಕಾಟನ್ ಗ್ರೀನ್ ನಿಲ್ದಾಣ ಬರುತ್ತದೆ. ಹತ್ತಿಯ ವಹಿವಾಟು ಮೊದಲು ಕೋಟೆಯ ಬಯಲಲ್ಲಿತ್ತು, ನಂತರ ಕೊಲಾಬಾಕ್ಕೆ ಹೋಯಿತು, ಕೊನೆಗೆ ಇಲ್ಲಿಗೆ ಬಂತು. ಈ ದಾರಿಯಲ್ಲಿ ಸಾಗುವಾಗ 1944ರ ಏಪ್ರಿಲ್ 14 ನೆನಪಿರಬೇಕು. ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕೀನ್ ಹಡಗು ನಿಂತಿತ್ತು. ಅದರೊಳಗೆ ಸುಮಾರು 1,400 ಟನ್ ಸಿಡಿಮದ್ದು, ಕರಾಚಿಯಲ್ಲಿ ತುಂಬಿದ ಹತ್ತಿಯ ಬೇಲುಗಳು, ಚಿನ್ನದ ಗಟ್ಟಿಗಳು. ಹತ್ತಿಯನ್ನೂ ಮದ್ದನ್ನೂ ಒಂದೇ ಹಡಗಿನಲ್ಲಿ ತುಂಬಲು ಒಪ್ಪಿದವರ ಬುದ್ಧಿಗೆ ಏನೆನ್ನಬೇಕೋ. ಹತ್ತಿಗೆ ಕಿಡಿ ತಗುಲಿತು. ಅಗ್ನಿಶಾಮಕದವರು ನೀರು ಹೊಡೆಯುತ್ತಿದ್ದಂತೆ ಸಂಜೆ ನಾಲ್ಕರ ಸುಮಾರಿಗೆ ಹಡಗು ಸಿಡಿಯಿತು, ಅರ್ಧ ಗಂಟೆಯೊಳಗೆ ಇನ್ನೊಮ್ಮೆ. ಉರಿಯುವ ಹತ್ತಿಯ ಬೇಲುಗಳು ಊರಿನ ಮೇಲೆ ಬಿದ್ದವು. ನೂರಾರು ಜನ ಸತ್ತರು. ಅವರಲ್ಲಿ 66 ಮಂದಿ ಅಗ್ನಿಶಾಮಕ ಸಿಬ್ಬಂದಿ. ದೇಶದ ಅಗ್ನಿಶಾಮಕ ಸೇವಾ ದಿನ ಏಪ್ರಿಲ್ 14 ಆಗಿರುವುದು ಅವರಿಗಾಗಿ.

ಮುಂಬೈಗೆ ಹೋಗುವವರು ಅರ್ಧ ದಿನವನ್ನಾದರೂ ಈ ಮಗ್ಗುಲಿಗೆ ಕೊಡಿ. ಸಿನಗಾಗ್ ನೋಡುವುದಿದ್ದರೆ ಗುರುತಿನ ಚೀಟಿ ಇರಲಿ. ಸಸೂನ್ ಡಾಕ್‌ನಲ್ಲಿ ಫೋಟೊ ತೆಗೆಯುವ ಮುನ್ನ ಕೇಳಿ. ಚಳಿಗಾಲವಾದರೆ ಕಾಟನ್ ಗ್ರೀನ್ ದಾಟಿ ಶಿವಡಿಗೂ ಹೋಗಿ, ಕೆಸರಿನ ದಂಡೆಯಲ್ಲಿ ಫ್ಲೆಮಿಂಗೊಗಳ ಹಿಂಡಿರುತ್ತದೆ.

ಕುಮಟೆಯ ಹತ್ತಿಯನ್ನು ಮುಗಿಸಿದ್ದು ರೈಲು. 1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂತು. ಲೋಂಡಾ, ಕ್ಯಾಸಲ್‌ರಾಕ್ ಮೇಲೆ ಮರ್ಮಗೋವಾ ಬಂದರಿಗೂ ದಾರಿಯಾಯಿತು. ದೇವಿಮನೆ ಘಟ್ಟದಲ್ಲಿ ಹತ್ತಿ ಗಾಡಿಗಳು ನಿಂತವು. ಧಾರವಾಡದಿಂದ ನೇರ ನಮ್ಮ ಕರಾವಳಿಗೇ ರೈಲು ಬೇಕೆಂದು 1860ರ ದಶಕದಲ್ಲೇ ಕೇಳಿದ್ದರು. ಹುಬ್ಬಳ್ಳಿ–ಅಂಕೋಲಾ ಮಾರ್ಗ ಇನ್ನೂ ಆಗಿಲ್ಲ.